ಮಿಲ್ಲಿನ ನೆಲದಲ್ಲಿ 14ನೆಯ ಮಹಡಿ

ಕಳೆದ ವರ್ಷ ದೀಪಾವಳಿ ಮುಗಿದ ಮೇಲೆ, ಅಡಿಕೆಯ ಕೊನೆಕೊಯ್ಲು ಆರಂಭವಾಗುವ ಮುನ್ನ, ನಾನೂ ಮನೆಯಾಕೆಯೂ ಬೆಂಗಳೂರಿಗೆ ಹೋಗಿ ಹದಿನೆಂಟು ದಿನ ಮಗನ ಮನೆಯಲ್ಲಿದ್ದು ಬಂದೆವು. ಶಿರಸಿಯಲ್ಲಿ ರಾತ್ರಿ ಬಸ್ಸು ಹತ್ತಿದರೆ ಬೆಳಗಿನ ಜಾವಕ್ಕೆ ಮೆಜೆಸ್ಟಿಕ್. ಮೊದಲು ಮಗ ವೈಟ್‌ಫೀಲ್ಡಿನ ಕಡೆ ಇದ್ದ. ಆಗೆಲ್ಲ ಬಸ್ಸಿಳಿದ ಮೇಲೆ ನಿದ್ದೆಗಣ್ಣಿನಲ್ಲಿಯೇ ಮತ್ತೆರಡು ತಾಸಿನ ಪ್ರಯಾಣ. ಈ ಸಲ ಆತ ಮನೆ ಬದಲಿಸಿದ್ದ. ಕಾರು ಹತ್ತಿ ಕುಳಿತು, ತಂದಿದ್ದ ತೊಡದೇವಿನ ಡಬ್ಬಿ ಪುಡಿಯಾಗಿದೆಯೋ ಎಂದು ನೋಡುವಷ್ಟರಲ್ಲಿ ಮನೆಯೇ ಬಂದಿತು.

ಮನೆಯೆಂದರೆ ಸಾಮಾನ್ಯದ್ದಲ್ಲ. 14ನೆಯ ಮಹಡಿ. ಮೂರು ಮಲಗುವ ಕೋಣೆಗಳು, ಮೂರಕ್ಕೂ ಬೇರೆ ಬೇರೆ ಸ್ನಾನಗೃಹ. ಕೆಳಗೆ ಈಜುಕೊಳ, ವ್ಯಾಯಾಮಶಾಲೆ, ಹಿರಿಯರು ತಿರುಗಾಡಲೆಂದು ಮೆತ್ತನೆಯ ಕೆಂಪು ಹಾದಿ. ಬಾಡಿಗೆ ತಿಂಗಳಿಗೆ 68,000 ರೂಪಾಯಿ. ನಿವೃತ್ತಿಯಾದ ತಿಂಗಳು ನನ್ನ ಕೈಗೆ ಬಂದ ಸಂಬಳ ಅದಕ್ಕಿಂತ ಕಡಿಮೆ ಇತ್ತೆಂಬುದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ. ಗಂಡಹೆಂಡಿರಿಬ್ಬರೂ ದುಡಿಯುತ್ತಾರೆ, ಮೊಮ್ಮಗಳ ಶಾಲೆ ಹತ್ತಿರ, ಮೆಟ್ರೋ ಹತ್ತಿರ. ಲೆಕ್ಕ ಅವರದು.

ಮಾರನೆಯ ಮುಂಜಾನೆ ಬಾಲ್ಕನಿಯಲ್ಲಿ ನಿಂತು ಕೆಳಗೆ ನೋಡಿದೆ. ಒಂದು ದೊಡ್ಡ ಕಾಂಪೌಂಡು ಗೋಡೆ, ಗೋಡೆಯಾಚೆ ಒತ್ತೊತ್ತಾಗಿ ನಿಂತ ಸಣ್ಣ ಮನೆಗಳು, ತಗಡಿನ ಮಾಡುಗಳು, ನೀಲಿ ನೀರಿನ ಡ್ರಮ್ಮುಗಳು, ಒಂದು ಅಮ್ಮನವರ ಗುಡಿ. ಗುಡಿಯ ಮಗ್ಗುಲಿನಲ್ಲಿ ಎಡಕ್ಕೆ ತಿರುಗುವ ಓಣಿ. ಆ ತಿರುವನ್ನು ಎಲ್ಲಿಯೋ ಕಂಡಂತಾಯಿತು. ಎರಡು ದಿನ ಯೋಚಿಸಿದ ಮೇಲೆ ಹೊಳೆಯಿತು. ಆ ಓಣಿಯಲ್ಲಿ ನಾನು 1982ರಲ್ಲಿ ಹತ್ತು ದಿನ ಇದ್ದೆ. ಈಗ ಮಗ ಬಾಡಿಗೆಗಿರುವ ಗೋಪುರ ನಿಂತಿರುವುದು ಅಂದಿನ ಮಿಲ್ಲಿನ ನೆಲದ ಮೇಲೆ.

ಯಾವ ಮಿಲ್ಲು, ಯಾವ ಅಪಾರ್ಟ್‌ಮೆಂಟು ಎಂದು ಹೆಸರಿಸುವುದು ಬೇಡ. ಬೆಂಗಳೂರಿನ ಪಶ್ಚಿಮ ಭಾಗದಲ್ಲಿ ಅಂಥ ನೆಲ ಒಂದೇ ಇಲ್ಲ. 1884ರಲ್ಲಿ ಆರಂಭವಾಗಿ, ಮುಂದೆ ಬಿನ್ನಿ ಕಂಪನಿಯ ಕೈಗೆ ಬಂದ ಉಣ್ಣೆ, ಹತ್ತಿ ಮತ್ತು ರೇಷ್ಮೆಯ ಗಿರಣಿಯಿಂದ ಒಂದು ಪೇಟೆಗೇ ಬಿನ್ನಿಪೇಟೆ ಎಂಬ ಹೆಸರು ಬಂದಿತು. ಗಿರಣಿ ಇಂದಿಲ್ಲ, ಪೇಟೆಯ ಹೆಸರು ಉಳಿದಿದೆ. ಮಲ್ಲೇಶ್ವರದ ಸಂಪಿಗೆ ರಸ್ತೆಯ ತುದಿಯಲ್ಲಿದ್ದ ರಾಜಾ ಮಿಲ್ಲಿನ ಜಾಗದಲ್ಲಿ 2010ರಲ್ಲಿ ಮಂತ್ರಿ ಸ್ಕ್ವೇರ್ ಮಾಲು ತೆರೆಯಿತು. ಅಲ್ಲಿಂದ ತುಸು ಮುಂದೆ ಕಿರ್ಲೋಸ್ಕರರ ಮೋಟಾರು ಕಾರ್ಖಾನೆಯಿದ್ದ ನೆಲದಲ್ಲಿ ಒರಾಯನ್ ಮಾಲು, ಕಚೇರಿ ಗೋಪುರ, ಹೋಟೆಲು, ವಸತಿ ಎಲ್ಲ ಸೇರಿ ಒಂದು ಊರೇ ಎದ್ದಿತು. ಮಿನರ್ವ ಮಿಲ್ಲಿನ ಆಸುಪಾಸಿನಲ್ಲಿ 2021ರಲ್ಲಿ ಲುಲು ಮಾಲು ಬಂದಿತು.

ಮಿನರ್ವ ಎಂಬ ಹೆಸರು ಬಂದರೆ ಪೌರನೀತಿಯ ಪಾಠ ಮಾಡಿದವನಿಗೆ ಸುಮ್ಮನೆ ಮುಂದೆ ಹೋಗಲಾಗದು. ರೋಗಗ್ರಸ್ತ ಗಿರಣಿಯೆಂದು ಸರಕಾರ ಅದರ ಆಡಳಿತವನ್ನು 1971ರಲ್ಲಿ ವಹಿಸಿಕೊಂಡಿತು. 1974ರ ಕಾಯ್ದೆಯಿಂದ ಅದು ರಾಷ್ಟ್ರೀಕರಣಗೊಂಡಿತು. ಮಾಲೀಕರು ನ್ಯಾಯಾಲಯಕ್ಕೆ ಹೋದರು, ಪಾಲ್ಖೀವಾಲಾ ವಾದಿಸಿದರು, 1980ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯ 42ನೆಯ ತಿದ್ದುಪಡಿಯ ಎರಡು ಕಲಮುಗಳನ್ನು ಹೊಡೆದುಹಾಕಿತು. ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತೂ ಕೆಡಿಸುವಂತಿಲ್ಲ ಎಂಬ ತತ್ತ್ವ 1973ರಲ್ಲಿ ಕಾಸರಗೋಡಿನ ಎಡನೀರು ಮಠದ ಸ್ವಾಮಿಗಳ ಮೊಕದ್ದಮೆಯಲ್ಲಿ ಹುಟ್ಟಿ, ಬೆಂಗಳೂರಿನ ಈ ಬಟ್ಟೆ ಗಿರಣಿಯ ಮೊಕದ್ದಮೆಯಲ್ಲಿ ಗಟ್ಟಿಯಾಯಿತು. ಮೂವತ್ತು ವರ್ಷ ಇದನ್ನು ಮಕ್ಕಳಿಗೆ ಹೇಳಿದೆ. ಆ ಗಿರಣಿಯಲ್ಲಿ ಮಗ್ಗದ ಮುಂದೆ ನಿಂತವರು ಮುಂದೆ ಏನಾದರು ಎಂದು ಒಬ್ಬ ವಿದ್ಯಾರ್ಥಿಯೂ ಕೇಳಲಿಲ್ಲ. ಕೇಳದಿದ್ದುದು ಅವರ ತಪ್ಪಲ್ಲ, ನಾನೇ ಆ ದಿಕ್ಕಿಗೆ ಕೈ ತೋರಿಸಿರಲಿಲ್ಲ.

ಈಗ 1982ಕ್ಕೆ ಬರುತ್ತೇನೆ. ಬಿ.ಎಡ್. ಮುಗಿಸಿ ನೌಕರಿಯ ಸಂದರ್ಶನಕ್ಕೆಂದು ಬಂದಿದ್ದೆ. ಸಿದ್ದಾಪುರದ ಕಡೆಯ ದೂರದ ನೆಂಟರೊಬ್ಬರು, ವರಸೆಯಲ್ಲಿ ನನಗೆ ಭಾವ, ಮಿಲ್ಲಿನ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಅವರ ಮನೆಯಿದ್ದುದು ಒಂದು ವಠಾರದಲ್ಲಿ. ಹನ್ನೊಂದು ಸಂಸಾರಗಳಿಗೆ ಒಂದು ನಲ್ಲಿ, ಎರಡು ಪಾಯಖಾನೆ. ಮುಂಜಾನೆ ಮಿಲ್ಲಿನ ಸೈರನ್ನು ಕೂಗಿತೆಂದರೆ ಗೋಡೆಯ ಮೇಲಿನ ಕನ್ನಡಿ ನಡುಗುತ್ತಿತ್ತು. ಒಂದು ಪಾಳಿ ಒಳಗೆ ಹೋಗುವಾಗ ಇನ್ನೊಂದು ಪಾಳಿ ಹೊರಗೆ ಬರುತ್ತಿತ್ತು. ಹೊರಬಂದವರ ತಲೆಗೂದಲು, ಹುಬ್ಬು, ಮೀಸೆ ಎಲ್ಲದರಲ್ಲಿಯೂ ಹತ್ತಿಯ ಬಿಳಿಯ ಎಳೆ. ಹರೆಯದವರೂ ಮುದುಕರಂತೆ ಕಾಣುತ್ತಿದ್ದರು. ಪಕ್ಕದ ಮನೆಯವನು ನೇಕಾರ, ಮನೆಮಾತು ತಮಿಳು. ಅವನ ಹೆಂಡತಿ ಬಾಗಿಲಲ್ಲಿ ಕುಳಿತು ಊದುಬತ್ತಿ ಹೊಸೆಯುತ್ತಿದ್ದಳು. ರಾತ್ರಿಯಿಡೀ ಅವನ ಕೆಮ್ಮು ಗೋಡೆ ದಾಟಿ ಬರುತ್ತಿತ್ತು. "ಹತ್ತಿಯ ಧೂಳು, ಎಲ್ಲರಿಗೂ ಬರುತ್ತದೆ" ಎಂದು ಭಾವ ಸಹಜವಾಗಿ ಹೇಳಿದರು, ನಮ್ಮಲ್ಲಿ ಮಳೆಗಾಲಕ್ಕೆ ನೆಗಡಿ ಬರುತ್ತದೆ ಎಂದ ಹಾಗೆ.

ಊರಿಗೆ ಹೊರಡುವ ಮುನ್ನಾದಿನ ಆ ನೇಕಾರ ನನಗೊಂದು ಖಾಕಿ ಬಟ್ಟೆಯ ತುಂಡು ತಂದುಕೊಟ್ಟ. ಅಂಚಿನಲ್ಲಿ ನೇಯ್ಗೆಯ ದೋಷವಿದ್ದುದರಿಂದ ಕೆಲಸಗಾರರಿಗೆ ಅಗ್ಗಕ್ಕೆ ಸಿಕ್ಕಿದ್ದು. ದುಡ್ಡು ಕೊಡಹೋದರೆ, "ಮೇಷ್ಟರಾದ ಮೇಲೆ ಕೊಡಿ ಸಾರ್" ಎಂದ. ಶಿರಸಿಯಲ್ಲಿ ಪ್ಯಾಂಟು ಹೊಲಿಸಿಕೊಂಡೆ. ನೌಕರಿಯ ಮೊದಲ ದಿನ ತರಗತಿಗೆ ಹೋದದ್ದು ಅದನ್ನೇ ತೊಟ್ಟು. ಆ ದುಡ್ಡು ಇಂದಿಗೂ ಕೊಟ್ಟಿಲ್ಲ.

ಇಷ್ಟನ್ನು ಊಟದ ಹೊತ್ತಿಗೆ ಮಗನಿಗೆ ಹೇಳಿದೆ. ಅವನು ಸಾವಧಾನವಾಗಿ ಕೇಳಿ, "ಅದಕ್ಕೇ ಅಲ್ಲವೇ ಅಪ್ಪಯ್ಯ, ಈಗ ಈ ಜಾಗ ಸುಧಾರಿಸಿದೆ ಎನ್ನುವುದು? ಆ ಕೆಮ್ಮು ಇರಬೇಕಾಗಿತ್ತೇ?" ಎಂದ. ನ್ಯಾಯವಾದ ಪ್ರಶ್ನೆಯೇ. ನನ್ನ ವಯಸ್ಸಿನವರು ಹಳೆಯದನ್ನು ನೆನೆಸಿಕೊಂಡು ಮರುಗುವಾಗ ಆ ಎರಡು ಪಾಯಖಾನೆಗಳನ್ನು ಮರೆಯುತ್ತೇವೆ. ಸೈರನ್ನು ಮತ್ತೆ ಕೂಗಲಿ ಎಂದು ನಾನೇನೂ ಬಯಸುವುದಿಲ್ಲ. ಹೊಗೆಯುಗುಳುವ ಗಿರಣಿ ಊರಿನ ನಡುವೆ ಇರಬೇಕೆಂದೂ ವಾದಿಸುವುದಿಲ್ಲ. ಎತ್ತರದ ಕಟ್ಟಡದ ಮೇಲೆ ನನಗೆ ಹಗೆಯಿಲ್ಲ. ಹದಿನೆಂಟು ದಿನ ಸುಖವಾಗಿಯೇ ಇದ್ದೆ, ಕೆಂಪು ಹಾದಿಯಲ್ಲಿ ದಿನಾ ನಾಲ್ಕು ಸುತ್ತು ಹಾಕಿದೆ.

ಆದರೆ "ಸುಧಾರಿಸಿದೆ" ಎಂಬ ಕ್ರಿಯಾಪದಕ್ಕೆ ಕರ್ತೃ ಯಾರು, ಕರ್ಮ ಯಾರು ಎಂದು ವ್ಯಾಕರಣದ ಪ್ರಶ್ನೆಯೊಂದು ಉಳಿಯುತ್ತದೆ. ಸುಧಾರಿಸಿದ್ದು ನೆಲದ ಬೆಲೆ. ಗೋಡೆಯಾಚೆಯ ಓಣಿಯಲ್ಲಿ ನೀರಿನ ಡ್ರಮ್ಮುಗಳು ಈಗಲೂ ಸಾಲುಗಟ್ಟಿ ನಿಂತಿವೆ. ಮಿಲ್ಲು ಇದ್ದಾಗ ಆ ಕಡೆಗೊಂದು ಬಾಗಿಲಿತ್ತು, ಪಾಳಿಯವರು ಅದರಿಂದಲೇ ಬಂದುಹೋಗುತ್ತಿದ್ದರು. ಈಗ ಅಲ್ಲಿ ಬಾಗಿಲಿನ ಗುರುತಿದೆ, ಬಾಗಿಲಿಲ್ಲ. ಇಟ್ಟಿಗೆ ಕಟ್ಟಿ ಮುಚ್ಚಿದ್ದಾರೆ. ಅಪಾರ್ಟ್‌ಮೆಂಟಿನ ಮನೆಗಳಲ್ಲಿ ಪಾತ್ರೆ ತೊಳೆಯುವವರು, ನೆಲ ಒರೆಸುವವರು ಬಹುಪಾಲು ಆ ಓಣಿಯವರೇ. ಗೋಡೆ ಹಾರಿದರೆ ನೂರು ಹೆಜ್ಜೆ. ಮುಂಬಾಗಿಲಿಗೆ ಸುತ್ತಿಕೊಂಡು ಬಂದರೆ ಒಂದು ಕಿಲೋಮೀಟರಿಗೆ ಕಡಿಮೆಯಿಲ್ಲ. ಅವರಿಗೆ ಬೇರೆ ಲಿಫ್ಟು. ಅದರಲ್ಲಿಯೇ ಕಸದ ಬುಟ್ಟಿಗಳೂ ಇಳಿಯುತ್ತವೆ.

ಮಗನ ಮನೆಗೆ ಬರುವಾಕೆಗೆ ನಲವತ್ತರ ಸಮೀಪ. ಒಂದು ದಿನ ಅವಳನ್ನು ಕೇಳಿದೆ, ನಿಮ್ಮ ಹಿರಿಯರು ಮಿಲ್ಲಿನಲ್ಲಿದ್ದರೇನಮ್ಮ ಎಂದು. ಮಾವ ಇದ್ದರಂತೆ, ಬದಲಿ ಕೆಲಸಗಾರರಾಗಿ. ಕಾಯಂ ಆಗುವ ಮೊದಲೇ ಮಿಲ್ಲು ನಿಂತಿತಂತೆ. "ಅವರು ಹೇಳ್ತಿದ್ರು ಸಾರ್, ಇಲ್ಲೇ ಎಲ್ಲೋ ನೂಲಿನ ಗೋಡೌನು ಇತ್ತಂತೆ" ಎಂದು ಕೈ ತೋರಿಸಿದ್ದು ಈಜುಕೊಳದ ಕಡೆಗೆ. ನನಗೆ ಖಾಕಿ ಬಟ್ಟೆ ಕೊಟ್ಟವನ ಬಗ್ಗೆ ವಿಚಾರಿಸಿದೆ. ಆಕೆಗೆ ತಿಳಿದಿರಲಿಲ್ಲ.

ನಮ್ಮ ಸೀಮೆಯ ಸಂಗತಿಯೊಂದನ್ನು ಇಲ್ಲಿ ಹೇಳದೆ ಈ ಮಾತು ಪೂರ್ತಿಯಾಗದು. ದೇವರಾಜ ಅರಸರ ಕಾಲದಲ್ಲಿ, 1974ರ ಮಾರ್ಚ್ 1ರಿಂದ, ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದಿತು. ಗೇಣಿಗೆ ಗದ್ದೆ ಮಾಡುವವರು ಅರ್ಜಿ ಹಾಕಿದರು, ನ್ಯಾಯಮಂಡಳಿಗಳು ಕುಳಿತವು, ಉಳುವವನು ಒಡೆಯನಾದನು. ಸಿದ್ದಾಪುರ ತಾಲೂಕಿನಲ್ಲಿ ನಮ್ಮ ಮನೆಯ ಗದ್ದೆಯೂ ಹಾಗೆ ಹೋಯಿತು. ಅಪ್ಪ ಎರಡು ವರ್ಷ ಆ ಗದ್ದೆಯ ದಾರಿಯಲ್ಲಿ ನಡೆಯಲಿಲ್ಲ. ಜಗಲಿಯಲ್ಲಿ ಕುಳಿತು ಸರಕಾರವನ್ನು ಬೈಯುತ್ತಿದ್ದ. ಹೈಸ್ಕೂಲು ಹುಡುಗನಾಗಿದ್ದ ನಾನೂ ಅಪ್ಪನ ಪಕ್ಷವೇ. ಮುಂದೆ ಆ ಗೇಣಿದಾರನ ಮಗಳು ನನ್ನ ತರಗತಿಯಲ್ಲಿ ಕುಳಿತು ಪ್ರಥಮ ದರ್ಜೆಯಲ್ಲಿ ಪಾಸಾದಾಗ, ಕಾನೂನು ಯಾರ ಮನೆಯಲ್ಲಿ ಏನು ಮಾಡಿತೆಂಬುದು ನನಗೆ ಕಣ್ಣಿಗೆ ಕಂಡಿತು.

ಅದೇ ಭೂಸುಧಾರಣಾ ಕಾಯ್ದೆಯಲ್ಲಿ 38ನೆಯ ಕಲಮು ಇದೆ. ಬೇರೆಯವರ ಜಮೀನಿನಲ್ಲಿ ಮನೆ ಕಟ್ಟಿಕೊಂಡು ವಾಸಿಸುತ್ತಿದ್ದ ಕೃಷಿಕೂಲಿಗೆ ಆ ವಾಸದ ಮನೆಯ ಒಡೆತನ ಕೊಡುವ ಕಲಮು. ನೆಲದಲ್ಲಿ ದುಡಿದವನಿಗೆ ಕಡೆಗೆ ಒಂದು ಸೂರಿನಷ್ಟಾದರೂ ಹಕ್ಕಿದೆ ಎಂಬ ತತ್ತ್ವವನ್ನು ನಾವು ಹಳ್ಳಿಯಲ್ಲಿ ಒಪ್ಪಿಕೊಂಡೆವು. ಬೈದುಕೊಂಡಾದರೂ ಒಪ್ಪಿಕೊಂಡೆವು. ಗಿರಣಿಯ ನೆಲದಲ್ಲಿ ಮೂರು ತಲೆಮಾರು ದುಡಿದವನ ವಿಷಯದಲ್ಲಿ ಅದೇ ತತ್ತ್ವ ಎಲ್ಲಿ ಹೋಯಿತು? ಅಲ್ಲಿ ಮಿಲ್ಲು ಮುಚ್ಚಿದರೆ ನೆಲ ಮಾಲೀಕನದು, ಕೆಮ್ಮು ಕೆಲಸಗಾರನದು.

ಇದು ನಡೆಯಲಾರದ ಮಾತೆಂದು ಯಾರಾದರೂ ಅಂದರೆ ಮುಂಬಯಿಯನ್ನು ತೋರಿಸಬಹುದು. 1982ರ ಜನವರಿಯಲ್ಲಿ ದತ್ತಾ ಸಾಮಂತರ ನೇತೃತ್ವದಲ್ಲಿ ಅಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದರು. ಅನಂತರ ಹಲವು ಗಿರಣಿಗಳು ಮೇಲೇಳಲೇ ಇಲ್ಲ. 1991ರಲ್ಲಿ ಅಲ್ಲಿಯ ಸರಕಾರ ಒಂದು ನಿಯಮ ತಂದಿತು. ಗಿರಣಿಯ ನೆಲವನ್ನು ಬೇರೆ ಕೆಲಸಕ್ಕೆ ತೆರೆಯುವುದಾದರೆ ಸ್ಥೂಲವಾಗಿ ಮೂರು ಪಾಲು: ಒಂದು ಊರಿನ ಬಯಲಿಗೆ, ಒಂದು ಸಾರ್ವಜನಿಕ ವಸತಿಗೆ, ಒಂದು ಮಾಲೀಕನಿಗೆ. ಹತ್ತು ವರ್ಷದಲ್ಲಿ ಅದಕ್ಕೂ ಕತ್ತರಿ ಬಿದ್ದಿತು. 2001ರ ತಿದ್ದುಪಡಿ, ಕಟ್ಟಡವಿಲ್ಲದ ಖಾಲಿ ನೆಲವನ್ನು ಮಾತ್ರ ಹಂಚಿದರೆ ಸಾಕೆಂದಿತು. 2006ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಪಾಲು ಕುಗ್ಗಿತು, ನಿಜ. ಆದರೂ ಕೊಡಬೇಕಾದ ಪಾಲೊಂದು ಇದೆ ಎಂದು ಕಾಗದದ ಮೇಲಾದರೂ ಬರೆದಿದ್ದರು. ಮಗನ ಅಪಾರ್ಟ್‌ಮೆಂಟಿನ ಸುತ್ತ ಹದಿನೆಂಟು ದಿನ ತಿರುಗಿದ ನನಗೆ ಆ ಎರಡನೆಯ ಪಾಲು ಎಲ್ಲಿಯೂ ಕಾಣಸಿಗಲಿಲ್ಲ. ಬೆಂಗಳೂರಿನಲ್ಲಿ ಇನ್ನೂ ಹಳೆಯ ಕಾರ್ಖಾನೆಗಳ ನೆಲ ಉಳಿದಿದೆ. ಮುಂದೆ ಕೈ ಬದಲಾಗುವ ನೆಲಕ್ಕಾದರೂ, 1991ರ ಮುಂಬಯಿಯ ಮೂಲ ನಿಯಮದಂಥದು, ಕತ್ತರಿಯಿಲ್ಲದೆ, ಬರಬೇಕೆಂಬುದು ನನ್ನ ಸ್ಪಷ್ಟ ಅಭಿಪ್ರಾಯ.

"ಇದೆಲ್ಲ ಕಟ್ಟಿದವರಿಗೆ, ಕೊಂಡವರಿಗೆ ಹೇಳಬೇಕಾದ ಮಾತು, ನಾನು ಬರೀ ಬಾಡಿಗೆಯವನು" ಎಂದ ಮಗ. ಅವನ ಕರಾರುಪತ್ರವನ್ನು ತರಿಸಿ ಓದಿದೆ (ಉತ್ತರಪತ್ರಿಕೆ ತಿದ್ದಿದ ಕೈ, ಕಾಗದ ಕಂಡರೆ ಸುಮ್ಮನಿರದು). 11 ತಿಂಗಳ ಕರಾರು. ಒಂದು ವರ್ಷವನ್ನು ಮೀರಿದ ಗುತ್ತಿಗೆಯನ್ನು ನೋಂದಾಯಿಸಲೇಬೇಕೆಂದು 1908ರ ನೋಂದಣಿ ಕಾಯ್ದೆ ಹೇಳುವುದರಿಂದ ದೇಶವೆಲ್ಲ ಹಿಡಿದಿರುವ ಉಪಾಯ ಅದು. ಮುಂಗಡ ಆರು ತಿಂಗಳ ಬಾಡಿಗೆ. ವಸತಿಗೆ ಎರಡು ತಿಂಗಳಿಗಿಂತ ಹೆಚ್ಚು ಮುಂಗಡ ಬೇಡವೆಂದು ಕೇಂದ್ರ ಸರಕಾರ 2021ರ ಮಾದರಿ ಬಾಡಿಗೆ ಕಾಯ್ದೆಯಲ್ಲಿ ಸೂಚಿಸಿತು, ಆದರೆ ಮಾದರಿ ಎಂದರೆ ಮಾದರಿಯೇ. ರಾಜ್ಯಗಳು ಒಪ್ಪಿ ತಂದರೆ ಉಂಟು, ಇಲ್ಲವಾದರೆ ಇಲ್ಲ. ಬಾಡಿಗೆ ತಿಂಗಳಿಗೆ 50,000 ದಾಟಿದ್ದರಿಂದ ತೆರಿಗೆ ಮುರಿದು ಸರಕಾರಕ್ಕೆ ಕಟ್ಟುವ ಹೊಣೆಯೂ ಬಾಡಿಗೆದಾರನದೇ. 2017ರಲ್ಲಿ ಶೇಕಡಾ 5 ಇದ್ದದ್ದು 2024ರ ಅಕ್ಟೋಬರಿನಿಂದ ಶೇಕಡಾ 2 ಆಗಿದೆ. ಇಷ್ಟೆಲ್ಲ ಹೊತ್ತ ಬಾಡಿಗೆದಾರನಿಗೆ ಅಲ್ಲಿಯ ನಿವಾಸಿಗಳ ಸಂಘದಲ್ಲಿ ಮತವಿಲ್ಲ. ಮತ ಮಾಲೀಕರಿಗೆ ಮಾತ್ರ. ಮಗನ ಮಾಲೀಕರಿರುವುದು ಪುಣೆಯಲ್ಲಿ. ಹಿಂದಿನ ಗೋಡೆಯನ್ನು ಅವರು ನೋಡಿದ್ದಾರೋ ಇಲ್ಲವೋ.

ಹಾಗೆಂದು ಬಾಡಿಗೆಯವನಿಗೆ ಬಾಯಿಲ್ಲವೆಂದು ನಾನು ಒಪ್ಪಲಾರೆ. ಮೆಜೆಸ್ಟಿಕ್ಕಿಗೆ ಹತ್ತು ನಿಮಿಷ ಎಂಬ ಸೌಕರ್ಯಕ್ಕೇ ಅಲ್ಲವೇ ಅಷ್ಟು ಬಾಡಿಗೆ? ಆ ಸಾಮೀಪ್ಯ ಆಕಾಶದಿಂದ ಇಳಿದದ್ದಲ್ಲ. ರೈಲಿನಲ್ಲಿ ಹತ್ತಿ ಬರಲಿ, ಬಟ್ಟೆ ಹೋಗಲಿ ಎಂದು ಗಿರಣಿಗಳನ್ನು ನಿಲ್ದಾಣದ ಮಗ್ಗುಲಿಗೆ ಕಟ್ಟಿದರು; ಗಿರಣಿಗೆಂದು ಜನ ಬಂದರು; ಜನರಿಗೆಂದು ಅಂಗಡಿ, ಬಸ್ಸು, ಗುಡಿ, ಶಾಲೆ ಬಂದವು. 2015ರ ನವೆಂಬರಿನಲ್ಲಿ ಮಾಗಡಿ ರಸ್ತೆಗೆ ಮೆಟ್ರೋ ಬಂದಾಗ ಇಡೀ ಸೀಮೆಯ ಬೆಲೆ ಏರಿತು. ಅದನ್ನು ಅನುಭವಿಸುವವನು, ನನಗೇನೂ ಗೊತ್ತಿಲ್ಲ, ನಾನು 11 ತಿಂಗಳ ಅತಿಥಿ ಎಂದರೆ ಹೇಗೆ? ನಮ್ಮೂರಲ್ಲಿ ಬೇರೆಯವರ ತೋಟದ ಮೇಲೆ ಹಾದುಹೋಗುವ ಹಾದಿಗೂ ದಣಪೆ ಇರುತ್ತದೆ. ದನ ನುಗ್ಗದಂತೆ ಅಡ್ಡಗಳುಗಳು, ಮನುಷ್ಯರು ಸರಿಸಿ ದಾಟಬಹುದು. ಹಾದಿಗೆ ಇಟ್ಟಿಗೆ ಕಟ್ಟಿ ಮುಚ್ಚಿದವನನ್ನು ಊರು ಒಳ್ಳೆಯ ಮಾತಿನಿಂದ ಕರೆಯುವುದಿಲ್ಲ.

ನಾನು ಮಗನಿಗೆ ಹೇಳಿದ್ದು ಎರಡೇ ಕೆಲಸ. ಒಂದು, ಹಿಂದಿನ ಬಾಗಿಲನ್ನು ತೆರೆಯಿಸಲಿಕ್ಕೆ ಪ್ರಯತ್ನಿಸು. ಕಾವಲಿನವನನ್ನು ಬೇಕಾದರೆ ಇಡಲಿ, ಹೊತ್ತು ಗೊತ್ತು ಮಾಡಲಿ. ಎರಡು, ಕೆಲಸದವರಿಗೆ ಬೇರೆ ಲಿಫ್ಟೆಂಬ ನಿಯಮ ಹೋಗಲಿ. ಪಾತ್ರೆ ತೊಳೆಯುವ ಕೈ ಅಡುಗೆಮನೆಯ ಒಳಗೆ ಬರಬಹುದಾದರೆ ಲಿಫ್ಟಿನ ಗುಂಡಿಯನ್ನೂ ಒತ್ತಬಹುದು. ಕಾರ್ಮಿಕರಿಗೆ ನೆಲದ ಪಾಲು ಕೊಡಿಸುವುದು ಅವನ ಕೈಯಲ್ಲಿಲ್ಲ, ಒಪ್ಪಿದೆ. ಇವೆರಡಕ್ಕೆ ಶಾಸನ ಬೇಕಾಗಿಲ್ಲ.

ಈ ಚರ್ಚೆಗೆಲ್ಲ ಇನ್ನೊಂದು ಹಿನ್ನೆಲೆಯಿದೆ, ಮುಚ್ಚಿಡುವುದೇಕೆ. ಮನೆಯಾಕೆಗೆ ಮಂಡಿನೋವು. ನಮ್ಮ ಮನೆಯ ಮಾಳಿಗೆಯ ಏಣಿ, ಬಚ್ಚಲಿನ ಮೆಟ್ಟಿಲು ಆಕೆಗೆ ಕಷ್ಟವಾಗುತ್ತಿವೆ. ತೋಟವನ್ನು ಯಾರಿಗಾದರೂ ಗುತ್ತಿಗೆಗೆ ಕೊಟ್ಟು ನಾವಿಬ್ಬರೂ ಬೆಂಗಳೂರಿಗೆ ಬಂದುಬಿಡಬೇಕೆಂದು ಮಗನ ಒತ್ತಾಯ. ಹೊರಡುವ ದಿನವೂ ಕೇಳಿದ: "ಅಪ್ಪಯ್ಯ, ಇಲ್ಲೆಂತ ಕಡ್ಮೆ ಆಜು ನಿಂಗೆ?" "ಎಂತದೂ ಕಡ್ಮೆ ಆಜಿಲ್ಲೆ ತಮಾ" ಎಂದೆ. ಅದು ನಿಜವೂ ಹೌದು. ಆದರೆ ಬೆಳಗ್ಗೆ ಎದ್ದು ಆ ಓಣಿಯ ತಿರುವಿನ ತನಕ ನಡೆದುಹೋಗಿ, ಒಂದು ಕಟ್ಟು ಹರಿವೆ ಕೊಂಡು, ಗುಡಿಯ ಕಟ್ಟೆಯ ಮೇಲೆ ಕುಳಿತ ನನ್ನ ಪ್ರಾಯದವರ ಹತ್ತಿರ ಎರಡು ಮಾತನಾಡಿ ಬರಲಾಗದ ಮನೆಯಲ್ಲಿ ನನ್ನಂಥವನು ಎಷ್ಟು ದಿನ ಇದ್ದಾನು? ಕೊಡದ ಸಾಲವೊಂದು ಬೇರೆ ಆ ಕಡೆ ಇದೆ.

ಊರಿಗೆ ಬಂದ ಮೇಲೆ ಮಗ ಫೋನು ಮಾಡಿದ. ಸಂಘದವರಿಗೆ ಪತ್ರ ಬರೆದನಂತೆ. ಬಾಡಿಗೆದಾರರ ಮನವಿಯನ್ನು ಮಾಲೀಕರ ಮೂಲಕವೇ ಕಳುಹಿಸಬೇಕೆಂದು ಉತ್ತರ ಬಂದಿತಂತೆ. ಪುಣೆಯವರಿಗೂ ಬರೆದ. ಅವರು ಒಳ್ಳೆಯವರು, ಲಿಫ್ಟಿನ ವಿಷಯಕ್ಕೆ ಕೂಡಲೇ ಒಪ್ಪಿದರು. ಬಾಗಿಲಿನ ವಿಷಯಕ್ಕೆ ಮಾತ್ರ, ಭದ್ರತೆಯ ಪ್ರಶ್ನೆ, ವಾರ್ಷಿಕ ಸಭೆಯಲ್ಲಿ ನೋಡೋಣ ಎಂದಿದ್ದಾರೆ. ಸಭೆಗೂ ಮೊದಲು ಮಗನ 11 ತಿಂಗಳು ಮುಗಿಯುತ್ತವೆ. ಕರಾರು ಮುಂದುವರಿಸುವಾಗ ಈ ಮಾತನ್ನು ಮತ್ತೆ ಎತ್ತುವೆನೆಂದು ಆತ ಹೇಳಿದ. ನಾನು ಕೇಳದೆಯೇ ಹೇಳಿದ.

ಬಾಗಿಲು ತೆರೆದ ದಿನ ತಿಳಿಸು, ಮಳೆಗಾಲಕ್ಕೆ ಬರುತ್ತೇನೆ ಎಂದಿದ್ದೇನೆ. ಮನೆಯಾಕೆ ಮಾತ್ರ ನನ್ನ ಷರತ್ತಿಗೆ ಕಾಯುವವಳಲ್ಲ. ಆಕೆಯ ಬಸ್ಸಿನ ಟಿಕೆಟನ್ನು ಸೊಸೆ ಆಗಲೇ ತೆಗೆಸಿಟ್ಟಿದ್ದಾಳೆ.